ದೇವರ ಪಾಲಿನ ಎಣ್ಣೆ

"ಮೇಡಂ, ಕೈ ತೆಗೀರಿ ಹೊರಗೆ. ಅದು ಕೇಸಿನ ಗಾಡಿ ಐತ್ರಿ."

ತೆಗೆಯಲಿಲ್ಲ. ಸೊರಬ ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ, ಮೂತಿ ಜಜ್ಜಿಹೋದ ಬಿಳಿ ಕಾರಿನ ಬಾನೆಟ್ಟಿನೊಳಗೆ ಮೊಳಕೈವರೆಗೂ ಕೈ ತೂರಿಸಿಕೊಂಡು ನಿಂತಿದ್ದೆ. ಮೇಲೆ ಸುಡುಬಿಸಿಲು, ಚೂಡಿದಾರದ ತೋಳಿಗೆಲ್ಲ ಮಸಿ.

"ಆನಂದಪ್ಪನವರೇ, ನಿಮ್ಮ ಗಾಡೀನ ನಾನೇನು ಬುತ್ತಿ ಕಟ್ಟಿಕೊಂಡು ಹೋಗಲ್ಲ. ಆ ಮೊಬೈಲ್ ಟಾರ್ಚ್ ಸ್ವಲ್ಪ ಈ ಕಡೆ ಹಿಡೀರಿ."

ಸಬ್ ಇನ್‌ಸ್ಪೆಕ್ಟರ್ ಆನಂದಪ್ಪ ಗೊಣಗುತ್ತಲೇ ಹಿಡಿದರು. ಕೆಟ್ಟ ಮನುಷ್ಯ ಅಲ್ಲ. ಆದರೆ ಒಮ್ಮೆ ಬರೆದದ್ದನ್ನು ಹೊಡೆದುಹಾಕುವುದೆಂದರೆ ಅವರಿಗೆ ಮೀಸೆ ಬೋಳಿಸಿಕೊಂಡಷ್ಟು ಸಂಕಟ. ಅವರು ಬರೆದದ್ದು ಇಷ್ಟು: ಉಳವಿಯ ತೀರ್ಥೇಶ್ ಈ ಕಾರಿನಲ್ಲಿ ಹೋಗುವಾಗ ಎಂಜಿನ್ ಹತೋಟಿ ತಪ್ಪಿ, ಮೋರಿ ಕಟ್ಟೆಗೆ ಗುದ್ದಿ ಸತ್ತ, ಶಿಕಾರಿಪುರದ ಮೆಕ್ಯಾನಿಕ್ ಮುಬಾರಕ್ ಬೇಕಂತಲೇ ಎಂಜಿನ್ನಿಗೆ ಗಾಳಿ ನೂಕುವ ಟರ್ಬೋ ಕೆಡಿಸಿಟ್ಟಿದ್ದೇ ಅದಕ್ಕೆ ಕಾರಣ. ಮುಬಾರಕ್ ಜೈಲಿನಲ್ಲಿದ್ದಾನೆ. ಅವನ ಹೆಂಡತಿ ಸಬಿಹಾ ನನ್ನನ್ನು ನಂಬಿಕೊಂಡು ಕೂತಿದ್ದಾಳೆ.

ನಾನು ಚೈತ್ರಶ್ರೀ. ಹಿಂದೆ ವಿಮೆ ಕಂಪನಿಗೆ ಅಪಘಾತದ ಗಾಡಿಗಳನ್ನು ನೋಡಿ ವರದಿ ಕೊಡುತ್ತಿದ್ದೆ. ನನ್ನ ನಾಲಿಗೆ ಅವರಿಗೆ ಆಗಿಬರಲಿಲ್ಲ. ಈಗ ಶಿಕಾರಿಪುರದಲ್ಲಿ ಖಾಸಗಿಯಾಗಿ ಇಂಥ ಕೆಲಸ ಹಿಡಿಯುತ್ತೇನೆ. ಗಂಡಸರು ಬಾನೆಟ್ ಎತ್ತಿ ತಲೆ ಕೆರೆದುಕೊಳ್ಳುವ ಕಡೆ ನನಗೆ ಕೋಪ ಬರುತ್ತದೆ, ಕೋಪ ಬಂದರೆ ಕೆಲಸ ಚೆನ್ನಾಗಿ ಆಗುತ್ತದೆ.

"ಹೊಗೆ ಯಾವ ಬಣ್ಣ ಇತ್ತು ಅಂದ್ರು ಆ ದಿನ?" ಕೇಳಿದೆ.

"ನೀಲಿ. ರಸ್ತೇನೇ ಕಾಣವಲ್ದಾಗಿತ್ತು ಅಂತಾರೆ ನೋಡಿದೋರು. ಕೀ ತಿರುಗ್ಸಿ ಆಫ್ ಮಾಡಿದ್ರೂ ಎಂಜಿನ್ ಕಿರಿಚ್ಕೊಂಡು ಓಡ್ತಿತ್ತಂತೆ. ದೆವ್ವ ಹೊಕ್ಕಂಗೆ."

ದೆವ್ವ ಅಲ್ಲ, ಎಣ್ಣೆ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಲ್ಲೋ ನೀರು ಒಳಗೆ ಇಳಿಯುತ್ತಿದೆ. ನೀಲಿ ಬಂದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯ ಜೊತೆ ಎಣ್ಣೆ ಒಳಗೆ ಬರುತ್ತಿದ್ದರೆ ಕೀ ಕಿತ್ತು ಬಿಸಾಕಿದರೂ ಅದು ತನ್ನ ಎಣ್ಣೆಯನ್ನೇ ಕುಡಿಯುತ್ತ ಓಡುತ್ತದೆ.

ಆ ಎಣ್ಣೆ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ. ಟರ್ಬೋದಿಂದ ಅಂತ ಪೊಲೀಸರ ಕಡೆಯ ವರದಿ.

ಟರ್ಬೋದ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ನುಣ್ಣಗೆ ತಿರುಗಿತು. ಮೇಲೆ ಕೆಳಗೆ ಅಲ್ಲಾಡಿಸಿದೆ. ಅಲ್ಲಾಡಲಿಲ್ಲ. ಕೆಟ್ಟ ಟರ್ಬೋ ಹೀಗಿರುವುದಿಲ್ಲ, ಸಡಿಲಾಗಿ ಗೋಡೆಗೆ ಉಜ್ಜಿಕೊಂಡಿರುತ್ತದೆ. ಅದರಿಂದ ಎಂಜಿನ್ನಿಗೆ ಹೋಗುವ ಪೈಪಿನಲ್ಲಿ ಎಣ್ಣೆ ಇತ್ತು, ಸರಿ. ಆದರೆ ಟರ್ಬೋಗೆ ಗಾಳಿ ತರುವ ಪೈಪಿಗೂ, ಅಂದರೆ ಟರ್ಬೋಗಿಂತ ಮುಂಚಿನ ಪೈಪಿಗೂ ಬೆರಳು ಹಾಕಿದೆ. ಅಲ್ಲೂ ಕಪ್ಪಗೆ ಜಿನುಗುವ ಎಣ್ಣೆ!

"ನೋಡಿ ಇಲ್ಲಿ. ಟರ್ಬೋ ಸೋರಿದ್ರೆ ಎಣ್ಣೆ ಅದರ ಮುಂದಕ್ಕೆ ಹೋಗಬೇಕು. ಹಿಂದಕ್ಕೆ ಹೆಂಗೆ ಬಂತು?"

"ಗುದ್ದಿದಾಗ ಎಲ್ಲಾ ಕಡಿ ಹರದಿರ್ತೈತಿ ಬಿಡ್ರಿ."

"ಹರಿದಿಲ್ಲ. ಎಂಜಿನ್ನಿನ ಉಸಿರು ಬಿಡೋ ಪೈಪು ಬಂದು ಸೇರೋದು ಇಲ್ಲೇ. ಎಂಜಿನ್ ಒಳಗೇ ಎಣ್ಣೆ ಉಕ್ಕಿ ಈ ಪೈಪಿಂದ ಬಂದಿದೆ. ಕೆಳಗಿನ ಎಣ್ಣೆ ಚೇಂಬರ್‌ನಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಎಣ್ಣೆ ಇತ್ತು ಅಂತ ಅರ್ಥ. ಎಷ್ಟಿತ್ತು?"

ಆನಂದಪ್ಪ ಕಾರಿನ ಅಡಿಗೆ ಕೈ ತೋರಿಸಿದರು. ಮೋರಿಯ ಕಲ್ಲಿಗೆ ತಾಗಿ ಎಣ್ಣೆ ಚೇಂಬರ್ ಸೀಳಿಹೋಗಿತ್ತು. ಇದ್ದಬದ್ದ ಎಣ್ಣೆಯೆಲ್ಲ ಆವತ್ತೇ ರಸ್ತೆಯ ಪಾಲು.

"ಅಳೀರಿ ಈಗ," ಅಂದರು. "ನಿಮ್ಮ ಬೆರಳು ಬಂದು ಕೋರ್ಟ್‌ನ್ಯಾಗ ಸಾಕ್ಷಿ ಹೇಳತೈತೇನ್ರಿ? ನನ್ನತ್ರ ಸಾಕ್ಷಿ ಐತಿ. ಗ್ಯಾರೇಜ್ ಪಕ್ಕದ ಟೀ ಅಂಗಡಿ ಈಶ್ವರ್ ಕಿವಿಯಾರೆ ಕೇಳ್ಯಾನ. 'ನಮ್ಮಪ್ಪಂಗೆ ಹೇಳಿದ್ರೆ ನಾನು ಸುಮ್ನಿರಲ್ಲ ಮುಬಾರಕ್' ಅಂತ ತೀರ್ಥೇಶ ಕೂಗ್ಯಾಡಿದ್ದ. ಏನೋ ಗುಟ್ಟು ಹಿಡಕೊಂಡು ಹೆದರಿಸ್ತಿದ್ದ ಇವ. ಕೇಳಿದ್ರೆ ಬಾಯಿ ಬಿಡವಲ್ಲ."

ಅದು ನಿಜ. ಜೈಲಿಗೆ ಹೋಗಿ ಕೇಳಿದಾಗ ನನಗೂ ಮುಬಾರಕ್ ಹೇಳಿದ್ದು ಒಂದೇ ಮಾತು: "ನನ್ನದೇ ತಪ್ಪು ಮೇಡಂ, ಬಿಟ್ಬಿಡಿ." ಎರಡು ಬಾರಿಸೋಣ ಅನ್ನಿಸಿತ್ತು.

"ನಾಳೆ ತೀರ್ಥೇಶನ ಅಪ್ಪ ಸುಬ್ಬಪ್ಪನ ಹೇಳಿಕೆ ತಗೊಂಡ್ರೆ ಚಾರ್ಜ್‌ಶೀಟ್ ಹೋಗತೈತಿ," ಆನಂದಪ್ಪ ಟಾರ್ಚ್ ಆರಿಸಿದರು. "ಮುದುಕಗ ಅನುಮಾನ ಬಿಟ್ರೆ ಏನೂ ಗೊತ್ತಿಲ್ಲ. ಆದ್ರೂ ಹೆತ್ತ ಅಪ್ಪ ಅಲ್ಲೇನ್ರಿ."

*

ಸಂಜೆ ಶಿಕಾರಿಪುರಕ್ಕೆ ಬಂದು ನೇರ ಮುಬಾರಕ್‌ನ ಶೆಡ್ಡಿಗೆ ಹೋದೆ. ಸಬಿಹಾ ಅರ್ಧ ಶಟರ್ ಎತ್ತಿ, ಬಾಗಿಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದಳು. ಗ್ಯಾರೇಜಿಗೆ ಬರುವವರು ನಿಂತುಹೋಗಿದ್ದರು. ಬ್ಲೌಸ್ ಹೊಲಿಸುವವರಾದರೂ ಬರಲಿ ಅಂತ.

"ಏನಾದ್ರೂ ಸಿಕ್ತಾ ಅಕ್ಕಾ?"

ಆ ಹುಡುಗಿ ಪ್ರತಿ ಸಲ ಇದೇ ಸ್ವರದಲ್ಲಿ ಕೇಳುತ್ತಾಳೆ. 

"ಸಬಿಹಾ, ಸೊರಬದಲ್ಲಿ ಗ್ಯಾರೇಜಿಗೆ ಬರ ಇಲ್ಲ. ಉಳವಿಯವನು ಇಷ್ಟು ದೂರ ನಿಮ್ಮ ಹತ್ರ ಯಾಕೆ ಬರ್ತಿದ್ದ?"

"ಅವ್ರ ಹೆಂಡ್ತಿ ಊರು ಇಲ್ಲೇ ಈಸೂರು ಅಲ್ವಾ? ಅಲ್ಲಿಗೆ ಹೋಗೋವಾಗ ಬರ್ತಿದ್ರು. ಬಂದ್ರೆ ನಮ್ಮೋರು ಬೇರೆ ಕೆಲ್ಸ ಬಿಟ್ಟು ಅವ್ರ ಗಾಡಿ ನೋಡ್ತಿದ್ರು. ತುಂಬಾ ದೋಸ್ತಿ ಅಕ್ಕಾ. ಜಗಳ ಆಡಿದ್ರು ಅಂದ್ರೆ ನಾನು ನಂಬಲ್ಲ."

"ಗಾಡಿಗೆ ಏನು ಮಾಡ್ತಿದ್ದ?"

"ಒಂದ್ಸಲ ಟರ್ಬೋ ಬಿಚ್ಚಿ ನೋಡಿ, ಚೆನ್ನಾಗೈತೆ ಅಂತ ವಾಪಸ್ ಹಾಕಿದ್ರು. ಆಮೇಲೆಲ್ಲ ಏನಿಲ್ಲ, ಎಂಜಿನ್ ಎಣ್ಣೆ ತೆಗೀತಿದ್ರು."

"ತೆಗೆದು ಹೊಸದು ಹಾಕ್ತಿದ್ದ."

"ಇಲ್ಲ ಅಕ್ಕಾ," ಸಬಿಹಾ ತಲೆ ಅಲ್ಲಾಡಿಸಿದಳು. "ಬರೀ ತೆಗೀತಿದ್ರು. ಒಂದು ಡಬ್ಬಿ, ಒಂದೂವರೆ ಡಬ್ಬಿ. ಹಾಕ್ತಿರ್ಲಿಲ್ಲ. ನಾನೇ ಕೇಳಿದ್ದೆ, ಎಲ್ರೂ ಎಣ್ಣೆ ಹಾಕ್ಸೋಕೆ ಬರ್ತಾರೆ, ಇವ್ರು ತೆಗ್ಸೋಕೆ ಬರ್ತಾರಲ್ಲ ಅಂತ. ನಕ್ಕು ಸುಮ್ನಾದ್ರು."

ನಾನು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಯಾರೋ ತುಂಬುತ್ತಿದ್ದರು, ಮುಬಾರಕ್ ಖಾಲಿ ಮಾಡುತ್ತಿದ್ದ.

"ಯಾವಾಗ ಬರ್ತಿದ್ದ? ದಿನ ನೆನಪಿದೆಯಾ?"

"ಅಮಾವಾಸ್ಯೆ ಆದ ಮಾರನೇ ದಿನ. ಅದು ಗ್ಯಾರಂಟಿ. ಅಮಾವಾಸ್ಯೆ ದಿನ ಇಲ್ಲಿ ಎಲ್ರೂ ಗಾಡಿ ಪೂಜೆ ಮಾಡ್ತಾರಲ್ಲ, ಮಾರನೇ ದಿನ ಅವ್ರ ಗಾಡಿ ಮೇಲೆ ಕುಂಕುಮ ಹಂಗೇ ಇರ್ತಿತ್ತು." ಅವಳ ಸ್ವರ ಇಳಿಯಿತು. "ಕೊನೇ ಸಲ ಫೋನ್ ಬಂದಾಗ ತೀರಿಹೋದ ನಮ್ಮ ಮಾವ ಕುತುಬುದ್ದೀನ್ ಸಾಹೇಬ್ರ ಹೆಸರಲ್ಲಿ ಫಾತಿಹಾ ಓದಿಸೋದಿತ್ತು. ಶೆಡ್ ತೆಗ್ದಿರ್ಲಿಲ್ಲ. ಎರಡು ದಿನ ಬಿಟ್ಟು ಬಾ, ಗಾಡಿ ಜೋರು ಓಡಿಸ್ಬೇಡ ಅಂದಿದ್ರು ನಮ್ಮೋರು. ಅಷ್ಟ್ರಲ್ಲಿ ಹಿಂಗಾಯ್ತು."

ಅದಕ್ಕೇ ಅವನು ತನ್ನದೇ ತಪ್ಪು ಅನ್ನುತ್ತಿದ್ದ. ಶೆಡ್ ತೆರೆಯದ ತಪ್ಪು!

ಗೋಡೆಯ ಕ್ಯಾಲೆಂಡರ್ ನೋಡಿದೆ. ನಾಳೆ ಅಮಾವಾಸ್ಯೆ.

*

ಬೆಳಿಗ್ಗೆ ಸೊರಬದ ಪೆಟ್ರೋಲ್ ಬಂಕಿನಲ್ಲಿ ನನ್ನ ಕಾರಿನ ಎಣ್ಣೆ ಮಟ್ಟ ತೋರಿಸುವ ಆಯಿಲ್ ಕಡ್ಡಿ ಎಳೆದು ನೋಡಿದೆ. ನನ್ನದೂ ಹಳೇ ಡೀಸೆಲ್ ಗಾಡಿ. ಎಣ್ಣೆ ಸರಿಯಾಗಿ ಮೇಲಿನ ಗುರುತಿಗೆ ಇತ್ತು. ಬೇಕಂತಲೇ ನೋಡಿಕೊಂಡೆ.

ಉಳವಿಯಲ್ಲಿ ಸುಬ್ಬಪ್ಪನ ಮನೆ ಏರಿನ ಮೇಲಿದೆ. ಅಂಗಳ ಸಪಾಟಾಗಿಲ್ಲ, ಮೂಡಲ ಕಡೆ ಎತ್ತರ, ಪಡುವಲಿಗೆ ಗದ್ದೆಯತ್ತ ಜಾರು. ಸುಬ್ಬಪ್ಪ ಜಗಲಿಯ ಚಿಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಒಣಕಲು ಮೈ, ಹೆಗಲ ಮೇಲೆ ಟವೆಲ್. ನನ್ನನ್ನು ವಿಮೆಯವಳು ಅಂತಲೇ ತಿಳಿದಿದ್ದರು. ನಾನೂ ತಿದ್ದಲಿಲ್ಲ.

"ಬಾ ತಂಗೀ. ಮಧ್ಯಾಹ್ನ ಸ್ಟೇಷನ್ನಿಗೆ ಬರ ಹೇಳ್ಯಾರೆ ನಂಗೆ. ನೀನೂ ಅದಕ್ಕೇ ಬಂದ್ಯಾ?"

"ಹೂಂ. ಬೇಕಾದ್ರೆ ನಾನೇ ಕರ್ಕೊಂಡು ಹೋಗ್ತೀನಿ."

ಅವರ ಕಣ್ಣು ನನ್ನ ಕಾರಿನ ಮೇಲೆ ಹೋಯಿತು. "ಅಮಾಸೆ ದಿನ ಗಾಡಿ ಹಂಗೇ ತಂದೀಯಲ್ಲ ಮಾರಾಯ್ತಿ! ಒಂದು ನಿಂಬೆಹಣ್ಣಾದ್ರೂ ಇಡಬಾರ್ದಾ?"

"ಮನೇಲಿ ಮಾಡೋರಿಲ್ಲ."

"ನಮ್ಮನೇಲೂ ವರ್ಷದ ತನಕ ಹಬ್ಬ ಇಲ್ಲ. ಆದ್ರೂ ಅಂಗಳಕ್ಕೆ ಬಂದ ಗಾಡಿ ಅಮಾಸೆ ದಿನ ಬರಿದೆ ಕಳ್ಸಾಕಾಗ್ತದಾ? ತಿರುಗ್ಸು. ಮೂಡಲಿಗೆ ಮುಖ ಮಾಡ್ಬೇಕು."

ತಿರುಗಿಸಿದೆ. ಕಾರಿನ ಮೂತಿ ಆಕಾಶ ನೋಡಿತು. ಅಷ್ಟು ಏರು ಅಲ್ಲಿ. ಹಿಂದಿನ ಚಕ್ರಕ್ಕೆ ಅವರೇ ಕಲ್ಲು ಕೊಟ್ಟರು. ವಿಭೂತಿ ಎಳೆದರು, ಕುಂಕುಮ ಇಟ್ಟರು, ಊದುಬತ್ತಿ ಹಚ್ಚಿ ಕಾಯಿ ಒಡೆದರು.  ಈ ಗಾಡಿಯಲ್ಲಿ ಹೋಗುವವಳನ್ನು ಸುಖವಾಗಿಡು ಅಂತ ಗಟ್ಟಿಯಾಗಿಯೇ ಬೇಡಿಕೊಂಡರು.

"ಬಾನೆಟ್ ತೆಗಿ," ಅಂದರು ಆಮೇಲೆ.

ತೆಗೆದೆ.

ಆಯಿಲ್ ಕಡ್ಡಿ ಎಳೆದು ಟವೆಲ್ಲಿನ ತುದಿಗೆ ಒರೆಸಿ, ಮತ್ತೆ ಇಳಿಸಿ, ಎಳೆದು ಬೆಳಕಿಗೆ ಹಿಡಿದರು. ಎಷ್ಟು ಜೋಪಾನ! ಒಬ್ಬ ಮೆಕ್ಯಾನಿಕ್ಕೂ ಅಷ್ಟು ಶ್ರದ್ಧೆಯಿಂದ ನೋಡುವುದಿಲ್ಲ.

"ಅಯ್ಯೋ, ತಳ ಹಿಡಿದೈತಲ್ಲೇ ತಂಗೀ! ಹಿಂಗೇ ಓಡಿಸ್ತೀಯಾ? ಎಣ್ಣೆ ಇಲ್ಲದೆ ನಮ್ಮ ಪಂಪ್‌ಸೆಟ್ ಎಂಜಿನ್ ಹಿಡ್ಕೊಂಡು ಒಂದು ಬೆಳೇನೇ ಹೋಯ್ತು ಒಂದ್ಸಲ. ಆವತ್ತಿಂದ ನಾನು ನೋಡ್ದೆ ಬಿಡಲ್ಲ."

ಗಂಟೆಯ ಹಿಂದೆ ಸಪಾಟು ನೆಲದಲ್ಲಿ ಮೇಲಿನ ಗುರುತಿಗೇ ನಿಂತಿದ್ದ ಎಣ್ಣೆ ಅದು. ಮೂತಿ ಮೇಲೆದ್ದಿದ್ದರಿಂದ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ನಿಂತಿತ್ತು, ಕಡ್ಡಿ ಇರುವ ಮುಂದಿನ ಕಡೆ ಬರಿದಾಗಿತ್ತು. ಅಷ್ಟೇ. ಮೂಡಲಿಗೆ ಮುಖ ಮಾಡಬೇಕು, ಈ ಅಂಗಳದಲ್ಲಿ ಮೂಡಲು ಮೇಲಿದೆ.

ಸುಬ್ಬಪ್ಪ ಒಳಗಿಂದ ಎಣ್ಣೆ ಡಬ್ಬಿ ತಂದು ಸುರಿಯತೊಡಗಿದರು. ನಾನು ನಿಲ್ಲಿಸಲಿಲ್ಲ.  ನಡುನಡುವೆ ಕಡ್ಡಿ ಅದ್ದಿ ನೋಡುತ್ತ, ಗುರುತಿಗೆ ಬಂದ ಮೇಲೆ ಇನ್ನೊಂದು ಗುಟುಕು ಹಾಕಿದರು.

"ಇದು ದೇವ್ರ ಪಾಲು," ಅಂದರು.

"ತೀರ್ಥೇಶನ ಗಾಡಿಗೂ ಹಿಂಗೇ ಹಾಕ್ತಿದ್ರಾ?"

"ಪ್ರತಿ ಅಮಾಸೆಗೆ. ತಪ್ಪಿಸಿದೋನಲ್ಲ. ಅವನಿಗೆಲ್ಲಿ ಪುರುಸೊತ್ತು? ಎಣ್ಣೆ ಹಾಕೋದು ನನ್ನ ಕೆಲ್ಸ. ಹೊಗೆ ಬಿಡ್ತಿತ್ತು ಆ ಗಾಡಿ, ಎಣ್ಣೆ ತಿಂತದೆ ಅಂತ ನಾನು ಇನ್ನೂ ಸ್ವಲ್ಪ ಹಾಕ್ತಿದ್ದೆ. ಟರ್ಬೋನೋ ಎಂಥದೋ ಕೆಟ್ಟದೆ, ಮುಬಾರಕ್ ನೋಡ್ತಾನೆ ಅಂದಿದ್ದ ಮಗ." ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. "ಆ ಮುಬಾರಕ್ ನೋಡಿದ್ದು ಹಿಂಗೆ."

ಅಪ್ಪಾ ದೇವರೇ. ಹೊಗೆ ಬರುತ್ತದೆ ಅಂತ ಎಣ್ಣೆ, ಎಣ್ಣೆ ಜಾಸ್ತಿಯಾಗಿ ಇನ್ನಷ್ಟು ಹೊಗೆ. ತಲೆ ಎತ್ತಿದಾಗ ಹೊಸಿಲಲ್ಲಿ ತೀರ್ಥೇಶನ ಹೆಂಡತಿ ಸ್ಪಂದನ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು.

*

ಹಿತ್ತಿಲ ನಲ್ಲಿಯ ಹತ್ತಿರ ಅವಳನ್ನು ಹಿಡಿದೆ.

"ಯಾವಾಗಿಂದ ಗೊತ್ತು?"

"ಏನ್ರೀ?"

"ನಾಟಕ ಬೇಡ ಸ್ಪಂದನ."

ಅವಳು ನಲ್ಲಿ ತಿರುಗಿಸಿ ಕೊಡಕ್ಕೆ ನೀರು ಬಿಟ್ಟಳು. ಆ ಸದ್ದಿನಲ್ಲಿ ಮಾತು ಅಂಗಳಕ್ಕೆ ಕೇಳದಿರಲಿ ಅಂತ.

"ಮೊದಲಿಂದ್ಲೂ. ಮುಬಾರಕ್ ಅಣ್ಣ ಟರ್ಬೋ ಬಿಚ್ಚಿ, ಇದರ ತಪ್ಪಲ್ಲ, ಎಣ್ಣೆ ಮೇಲಾಗೈತಿ ಅಂದ್ರು. ಮಾವಗ ನಾನೇ ಬಂದು ತಿಳಿಸಿ ಹೇಳ್ತೀನಿ ಅಂದ್ರು. ಇವರು ಕೂಗ್ಯಾಡಿಬಿಟ್ರು. ನಮ್ಮಪ್ಪಂಗೆ ಹೇಳಿದ್ರೆ ಸುಮ್ನಿರಲ್ಲ ಅಂತ. ಕೊನೆಗೆ ಹೇಳಲ್ಲ ಅಂತ ಅಣ್ಣ ಮಾತು ಕೊಟ್ರು."

"ಯಾಕೆ? ಎಣ್ಣೆ ಹಾಕಬೇಡ ಅಪ್ಪಾ ಅನ್ನೋಕೆ ಏನು ಕಷ್ಟ?"

"ಹೊಲದ ಕೆಲ್ಸ ಆಗಲ್ಲ ಅಂತ ಒಂದೊಂದೇ ಬಿಡಿಸಿದ್ರು ಮಾವನ ಕೈಯಿಂದ. ಟಿಲ್ಲರ್ ಮುಟ್ಟಬೇಡ, ಪಂಪ್‌ಸೆಟ್ ಮುಟ್ಟಬೇಡ. ಉಳಿದಿದ್ದು ಇದೊಂದು. ಅಮಾವಾಸ್ಯೆ ಬಂದ್ರೆ ಹುಡುಗನಂಗೆ ಕುಣೀತಿದ್ರು. ಇದನ್ನೂ ಕಸ್ಕೊಳ್ಳಲ್ಲ, ನಾನು ತೆಗೆಸ್ಕೊಂಡು ಬರ್ತೀನಿ, ಏನು ಮಹಾ ಅಂತಿದ್ರು ಇವರು." ಅವಳು ಕೊಡವನ್ನು ನಲ್ಲಿಯ ಕೆಳಗೆ ಸರಿಮಾಡಿದಳು. "ಟರ್ಬೋ ಕೆಟ್ಟೈತಿ ಅಂತ ಸುಳ್ಳು ಹೇಳಿದ್ದೂ ಇವರೇ. ಆ ಸುಳ್ಳು ಮುಬಾರಕ್ ಅಣ್ಣನ ಕೊರಳಿಗೆ ಬಿತ್ತು."

"ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೀಯಲ್ಲ! ಅಲ್ಲಿ ಒಂದು ಸಂಸಾರ ಬೀದಿಗೆ ಬಿದ್ದಿದೆ."

"ಇಲ್ಲಿ ಬಿದ್ದಿಲ್ಲೇನು?" ಅವಳು ನನ್ನ ಕಡೆ ತಿರುಗಿದಳು. "ಮಾವ ಎರಡು ತುತ್ತು ಉಣ್ತಿರೋದು ಯಾವ ಬಲದ ಮೇಲೆ ಗೊತ್ತೇನ್ರೀ? ಮಗನ್ನ ಬೇರೆ ಯಾರೋ ಕೊಂದ್ರು ಅನ್ನೋ ಸಿಟ್ಟಿನ ಮೇಲೆ. ಅದನ್ನ ಕಿತ್ಕೊಂಡ್ರೆ ಅವರ ಹತ್ರ ಏನು ಉಳೀತೈತಿ? ನಾನು ಸಾಕ್ಷಿ ಹೇಳಲ್ಲ. ಕರೆಸಿದ್ರೂ ಗೊತ್ತಿಲ್ಲ ಅಂತೀನಿ. ಮುಬಾರಕ್ ಅಣ್ಣಾನೇ ಸುಮ್ನೆ ಇದಾರೆ."

"ಅವನು ಸುಮ್ಮನಿರೋದು ಸತ್ತ ಗೆಳೆಯನಿಗೆ ಕೊಟ್ಟ ಮಾತಿಗೆ. ನೀನು ಅದನ್ನ ಉಪಯೋಗಿಸ್ಕೊಳ್ತಿದ್ದೀಯ."

"ಹೌದು," ಅಂದಳು. "ದಿನಾ ರಾತ್ರಿ ಅದಕ್ಕೇ ಅಳ್ತೀನಿ. ಆದ್ರೂ ಹೇಳಲ್ಲ."

ಕೊಡ ತುಂಬಿ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.

ನನಗೆ ಆಗ ಬಂದ ಸಿಟ್ಟು ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಈ ಹುಡುಗಿಯನ್ನು ಬಯ್ಯುವಂತಿಲ್ಲ, ಆ ಮುದುಕನನ್ನು ಬಯ್ಯುವಂತಿಲ್ಲ, ಸತ್ತವನನ್ನಂತೂ ಬಯ್ಯುವಂತೆಯೇ ಇಲ್ಲ. ಎಲ್ಲರೂ ಒಳ್ಳೆಯವರೇ. ಒಳ್ಳೆಯವರೆಲ್ಲ ಸೇರಿ ಒಬ್ಬನನ್ನು ಜೈಲಿಗೆ ಹಾಕಿದ್ದರು.

ದಡದಡ ಅಂಗಳಕ್ಕೆ ಬಂದೆ. "ಸುಬ್ಬಪ್ಪನೋರೇ, ಕಾರು ಹತ್ತಿ. ಇಲ್ಲೇ ಕೆಳಗಿನ ರಸ್ತೆ ತನಕ."

ಹಿಂದಿನಿಂದ ಸ್ಪಂದನ "ಬೇಡ ಅಕ್ಕಾ!" ಅಂದಳು. ಕೇಳದವಳಂತೆ ಚಕ್ರದ ಕಲ್ಲು ಸರಿಸಿ, ಎಂಜಿನ್ ಚಾಲು ಮಾಡದೆ ಗಾಡಿಯನ್ನು ನ್ಯೂಟ್ರಲ್‌ನಲ್ಲೇ ಹಿಮ್ಮುಖವಾಗಿ ಕೆಳಕ್ಕೆ ಉರುಳಿಸಿದೆ. ರಸ್ತೆಯ ಸಪಾಟು ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ.

"ಈಗ ಕಡ್ಡಿ ಎಳೆದು ನೋಡಿ."

ನೋಡಿದರು. ಎಣ್ಣೆ ಮೇಲಿನ ಗುರುತು ದಾಟಿ ಎಷ್ಟೋ ಮೇಲಕ್ಕೆ ಹತ್ತಿತ್ತು. ಒರೆಸಿ ಮತ್ತೆ ಅದ್ದಿದರು. ಮತ್ತೆ ಅಷ್ಟೇ.

"ಕಡ್ಡಿ ಸರಿ ಇಲ್ಲ," ಅಂದರು.

"ಕಡ್ಡಿ ಸರಿ ಇದೆ. ಅಂಗಳ ಏರು ಇದೆ."

ಇನ್ನೊಮ್ಮೆ ಒರೆಸಿದರು. ಈ ಸಲ ಅದ್ದಲಿಲ್ಲ. ಕಡ್ಡಿ ಹಿಡಿದುಕೊಂಡು ಮನೆಯ ಕಡೆ ನೋಡಿದರು, ಅಂಗಳದ ಏರನ್ನು ನೋಡಿದರು. ನಾನು ಡಿಕ್ಕಿಯಿಂದ ಕೈಪಂಪು ತಂದು ಹೆಚ್ಚಿನ ಎಣ್ಣೆ ಎಳೆದು ಅವರದೇ ಡಬ್ಬಿಗೆ ತುಂಬಿಸಿದೆ. ಅದು ತುಂಬುತ್ತ ಹೋದದ್ದನ್ನು ಅವರು ಕೊನೆಯವರೆಗೂ ನೋಡಿದರು. ಜಾಸ್ತಿಯಾದ ಎಣ್ಣೆ ಎಂಜಿನ್ನಿಗೆ ಏನು ಮಾಡುತ್ತದೆ ಅಂತ ಕೇಳಿದರು. ಹೇಳಿದೆ. ಮೆತ್ತಗೆ ಹೇಳಬಹುದಿತ್ತೇನೋ. ನನಗೆ ಮೆತ್ತಗೆ ಹೇಳುವುದು ಬರುವುದಿಲ್ಲ.

ಅವರು ಅಳಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಆಮೇಲೆ ಎದ್ದು ಟವೆಲ್ ಕೊಡವಿದರು.

"ಸ್ಟೇಷನ್ನಿಗೆ ನಡಿ ತಂಗೀ. ಬರ್ಕೊಡ್ತೀನಿ."

 ಅಲ್ಲೇ ನಿಂತು ಸಬಿಹಾಗೆ ಫೋನ್ ಮಾಡಿದೆ. "ಬಸ್ ಹಿಡಿದು ಸೊರಬಕ್ಕೆ ಬಾ. ತೀರ್ಥೇಶನ ಅಪ್ಪ ಸತ್ಯ ಹೇಳ್ತಾರೆ." ಆ ಕಡೆಯಿಂದ ಅಳು ಕೇಳಿಬಂತು.

ದಾರಿಯಲ್ಲಿ ಸುಬ್ಬಪ್ಪ ಒಂದೇ ಸಲ ಮಾತಾಡಿದರು.

"ಮುಬಾರಕ್‌ಗೆ ಮಕ್ಕ್ಳು?"

"ಒಬ್ಬಳು ಮಗಳು. ಆತಿಫಾ."

"ಸಣ್ಣದಾ?"

"ಸಣ್ಣವಳು."

ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಮುದುಕನ ದೊಡ್ಡತನಕ್ಕೆ ನನ್ನ ಕಣ್ಣು ತೇವವಾಯಿತು.

*

ಆನಂದಪ್ಪ ಕುರ್ಚಿ ಎಳೆದು ಕೊಟ್ಟರು. ರೈಟರ್ ಪೆನ್ನು ತೆಗೆದ. ನಾನು ಗೋಡೆಗೆ ಒರಗಿ ನಿಂತೆ.

"ಹೇಳ್ರಿ ಯಜಮಾನ್ರೆ. ನಿಧಾನಕ್ಕೆ."

ಸುಬ್ಬಪ್ಪ ಮೇಜಿನ ಮೇಲೆ ಎರಡೂ ಕೈ ಇಟ್ಟರು. ಉಗುರ ಸಂದಿಯಲ್ಲಿ ಇನ್ನೂ ಎಣ್ಣೆಯ ಕಪ್ಪಿತ್ತು.

"ಮಗನ ಸಂಗಡ ನಾನೂ ಶಿಕಾರಿಪುರಕ್ಕೆ ಹೋಗಿದ್ದೆ," ಅಂದರು. "ಆ ಮುಬಾರಕ್ ಗಾಡಿ ಬಿಚ್ಚಿದ್ದ. ಒಳ್ಳೇ ಟರ್ಬೋ ತೆಗ್ದು ಹಳೇದು ಹಾಕ್ತಿದ್ದ. ಇದು ಕೆಡ್ತದಲ್ಲೋ ಅಂದೆ. ಕೆಡ್ಲಿ ಅಂತ್ಲೇ ಹಾಕ್ತಿದೀನಿ ಅಂದ. ನಾನೇ ಕಣ್ಣಾರೆ ನೋಡೀನಿ, ಕಿವಿಯಾರೆ ಕೇಳೀನಿ. ಬರ್ಕೊಳ್ಳಿ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಕೂಗಿಬಿಟ್ಟೆ.

"ಸುಳ್ಳು! ಆನಂದಪ್ಪನವರೇ, ಇವರು ಶಿಕಾರಿಪುರಕ್ಕೆ ಹೋಗೇ ಇಲ್ಲ! ಎಣ್ಣೆ ತುಂಬಿದ್ದು ಇವರೇ, ಪ್ರತಿ ಅಮಾವಾಸ್ಯೆಗೆ. ಬೆಳಿಗ್ಗೆ ನನ್ನ ಗಾಡಿಗೇ ತುಂಬಿದ್ದಾರೆ!"

"ಹೌದೇನ್ರಿ ಯಜಮಾನ್ರೆ?"

ಸುಬ್ಬಪ್ಪ ನನ್ನನ್ನು ನೋಡಿದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಕಣ್ಣು ಅದು.

"ಅಮಾಸೆಗೆ ನಾನು ಕಾಯಿ ಒಡೀತೀನಿ ಸ್ವಾಮಿ. ಎಣ್ಣೆ ಪಣ್ಣೆ ನಂಗೊತ್ತಿಲ್ಲ. ಎಂಜಿನ್ ಮುಟ್ಟಬೇಡ ಅಂತ ಮಗ ಹೇಳಿದ್ದ, ನಾನು ಮುಟ್ಟಿಲ್ಲ."

"ಇವರ ಉಗುರು ನೋಡಿ! ಸೊಸೇನ ಕರೆಸಿ!"

"ರೈತರ ಉಗುರು ಮತ್ತೆ ಹೆಂಗಿರತೈತ್ರಿ?" ಅಂದ ಆನಂದಪ್ಪ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. ಸ್ಪಂದನಳ ನಂಬರಿಗೆ ಹಚ್ಚಿ, ಕೇಳಿ, ಹೂಂ ಹೂಂ ಅಂದು ಇಟ್ಟರು. "ಎಣ್ಣಿ ವಿಷಯ ಏನೂ ಗೊತ್ತಿಲ್ಲ ಅಂತಾಳ. ಸಾಕು ಮಾಡ್ರಿ ಮೇಡಂ. ಮಗನ್ನ ಕಳಕೊಂಡ ಮುದುಕನ ಮ್ಯಾಲೆ ಇಂಥಾ ಮಾತು ಆಡಬಾರದು."

ಬೆಳಿಗ್ಗೆಯವರೆಗೆ ಅವರಲ್ಲಿ ಇದ್ದದ್ದು ಬರೀ ಅನುಮಾನ. ಅದಕ್ಕೆ ಕೋರ್ಟಿನಲ್ಲಿ ಬೆಲೆ ಇರುತ್ತಿರಲಿಲ್ಲ. ಈಗ ಅವರು ಕಣ್ಣಾರೆ ಕಂಡ ಸಾಕ್ಷಿ. ಅವರನ್ನು ಸಾಕ್ಷಿ ಮಾಡಿದವಳು ನಾನು. ಸುಬ್ಬಪ್ಪ ಒಂದೊಂದು ಹಾಳೆಗೂ ತಿದ್ದಿ ತಿದ್ದಿ ಸಹಿ ಹಾಕಿದರು. ನಾನು ಅವರ ತೋಳು ಹಿಡಿದು ಕಿವಿಯ ಹತ್ತಿರ ಬಾಗಿದೆ.

"ಯಾಕೆ ಹೀಗೆ ಮಾಡಿದ್ರಿ?"

"ನಾನು ಕೊಂದಿಲ್ಲ," ಅಂದರು ಪಿಸುಮಾತಿನಲ್ಲಿ. "ನನ್ನ ಮಗನ್ನ ನಾನು ಕೊಂದಿಲ್ಲ ತಂಗೀ."

ಎದ್ದು ಹೊರಗೆ ನಡೆದರು. ಹಿಂದೆ ನಾನೂ ಬಂದೆ, ಏನು ಮಾಡಬೇಕು ಅಂತ ತಿಳಿಯದೆ.

ಠಾಣೆಯ ಗೇಟಿನಲ್ಲಿ ಸಬಿಹಾ ಆಗಷ್ಟೇ ಆಟೋದಿಂದ ಇಳಿದಿದ್ದಳು. ಕಂಕುಳಲ್ಲಿ ಆತಿಫಾ, ಕೈಯಲ್ಲಿ ಮುಬಾರಕ್‌ಗೆ ಹಾಕಿಕೊಂಡು ಬರಲು ಒಂದು ಇಸ್ತ್ರಿ ಮಾಡಿದ ಶರ್ಟು. ಟವೆಲ್ ಹೊದ್ದ ಮುದುಕನನ್ನು ಕಂಡೊಡನೆ ಯಾರೆಂದು ಅವಳಿಗೆ ಗೊತ್ತಾಯಿತು. ಓಡಿ ಬಂದಳು. ನಾನು "ಸಬಿಹಾ, ನಿಲ್ಲು" ಅಂದೆ. ಅವಳಿಗೆ ಕೇಳಲಿಲ್ಲ.

"ಅಪ್ಪಾಜಿ, ಬರ್ಕೊಟ್ರಾ? ಅಕ್ಕ ಹೇಳಿದ್ರು ಫೋನಲ್ಲಿ. ಮಗನ್ನ ಕಳ್ಕೊಂಡೂ ನಮ್ಮೋರನ್ನ ಉಳಿಸಿದ್ರಲ್ಲ, ನಿಮ್ಮ ಋಣ ಹೆಂಗೆ ತೀರಿಸ್ಲಿ?" ಮಗುವನ್ನು ಅವರ ಮುಂದೆ ನಿಲ್ಲಿಸಿದಳು. "ಆತಿಫಾ, ತಾತಂಗೆ ಸಲಾಂ ಮಾಡು. ಅಬ್ಬಾನ ಮನೆಗೆ ಕಳಿಸ್ತಿರೋದು ಇವ್ರೇ."

ಮಗು ಪುಟ್ಟ ಕೈಯನ್ನು ಹಣೆಗೆ ಒಯ್ದಿತು.

ಸುಬ್ಬಪ್ಪ ಅಲ್ಲಾಡದೆ ನಿಂತರು. ಅವರ ಕೈ ತಾನಾಗಿ ಮೇಲೆದ್ದು ಮಗುವಿನ ತಲೆಯ ಮೇಲೆ ಕೂತಿತು.

"ಬರ್ಕೊಟ್ಟೀನಿ ತಾಯಿ," ಅಂದರು. "ಎಲ್ಲಾ ಬರ್ಕೊಟ್ಟೀನಿ."

ಸಬಿಹಾ ಅವರ ಕಾಲು ಮುಟ್ಟಲು ಬಾಗಿದಳು.